ಇನ್ನೂರ ನಲವತ್ತು ಕುಣಿಕೆ

“ನೂರಾ ತೊಂಬತ್ತೆಂಟು, ನೂರಾ ತೊಂಬತ್ತೊಂಬತ್ತು, ಇನ್ನೂರು,” ಎಂದು ಎಣಿಸುತ್ತ ಚೂಟಿ ಕಡ್ಡಿಗೆ ಕುಣಿಕೆ ಏರಿಸುತ್ತಿದ್ದಳು. ಎಣಿಕೆ ತಪ್ಪಲಿ ಎಂದು ನಾನು ಪಕ್ಕದಲ್ಲಿ ನಿಂತು ಕಾಯುತ್ತಿದ್ದೆ.

ತಪ್ಪಲಿಲ್ಲ. ಬಾಯಿ ಎಣಿಸುತ್ತಿತ್ತು, ಕಣ್ಣು ಬಾಗಿಲಲ್ಲಿ ಒಳಬರುವವರನ್ನು ನೋಡಿ ನಗುತ್ತಿತ್ತು, ಬೆರಳುಗಳು ಇವೆರಡಕ್ಕೂ ಸಂಬಂಧವೇ ಇಲ್ಲದ ಹಾಗೆ ತಮ್ಮ ಪಾಡಿಗೆ ನೂಲನ್ನು ಎಳೆದು, ಸುತ್ತಿ, ಕೂರಿಸಿ ಮುಂದೆ ಹೋಗುತ್ತಿದ್ದವು. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಐದು ವರ್ಷ ಕೂತವಳು. ಟಿಕೆಟ್ ಹರಿಯುತ್ತ, ಬೈಯುವವರಿಗೆ ಉತ್ತರ ಕೊಡುತ್ತ, ಮಡಿಲಲ್ಲಿ ಹೆಣೆಯುತ್ತ ಅಭ್ಯಾಸ. ನನಗೆ ಹಾಗೆ ಬರುವುದಿಲ್ಲ. ನಾನು ಹೆಣೆಯುವಾಗ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿಲ್ಲ.

ಅವಳು ಕೂತಿದ್ದು ನನ್ನ ಕುರ್ಚಿಯಲ್ಲಿ.

ಕುರ್ಚಿ ಎಂದರೆ ಹಳೆಯ ಬೆತ್ತದ ಕುರ್ಚಿ, ಒಂದು ಕೈ ಸಡಿಲ. ಆದರೆ ನಮ್ಮ ಉಣ್ಣೆ ಹಬ್ಬದಲ್ಲಿ ಅದಕ್ಕಿಂತ ದೊಡ್ಡ ಜಾಗವಿಲ್ಲ. ಚಳಿ ಶುರುವಾಗುವ ತಿಂಗಳ ಮೊದಲ ಭಾನುವಾರ, ಮುಚ್ಚಿಹೋದ ಗಿರಣಿಯ ಗೋದಾಮಿನಲ್ಲಿ, ಕಡ್ಡಿ ಹಿಡಿಯಲು ಬರುವವರೂ ಬಾರದವರೂ ಸೇರುತ್ತಾರೆ. ಒಂದು ಮೂಲೆಯಲ್ಲಿ ರಾಟೆ ತಿರುಗುತ್ತಿರುತ್ತದೆ. ಇನ್ನೊಂದರಲ್ಲಿ ಬಣ್ಣದ ನೀರಿನಿಂದ ಆಗಷ್ಟೇ ತೆಗೆದ ನೂಲಿನ ಲಡಿಗಳು ಹಗ್ಗದ ಮೇಲಿಂದ ತೊಟ್ಟಿಕ್ಕುತ್ತಿರುತ್ತವೆ. ಹೊರಗೆ ಎರಡು ಕುರಿಗಳು ಉಣ್ಣೆ ಕತ್ತರಿಸಿಕೊಳ್ಳಲು ಒಪ್ಪದೆ ಅರಚುತ್ತಿರುತ್ತವೆ. ನಟ್ಟನಡುವೆ ಒಂದು ಮೇಜು, ಆ ಕುರ್ಚಿ, ಎದುರಿಗೊಂದು ಸ್ಟೂಲು. ಕುರ್ಚಿಯಲ್ಲಿ ಕೂತವರು ಬೆಳಿಗ್ಗೆ ಮೊದಲ ಸಾಲು ಹಾಕುತ್ತಾರೆ: ದಪ್ಪ ಉಣ್ಣೆಯಲ್ಲಿ ಇನ್ನೂರ ನಲವತ್ತು ಕುಣಿಕೆ. ಆಮೇಲೆ ಎರಡು ತುದಿ ಸೇರಿಸಿ ಅದನ್ನು ದುಂಡಗೆ ಮಾಡುತ್ತಾರೆ. ಅಲ್ಲಿಂದ ಸಂಜೆಯವರೆಗೆ ಒಬ್ಬೊಬ್ಬರಾಗಿ ಬಂದು ಸ್ಟೂಲಿನ ಮೇಲೆ ಕೂತು ಹತ್ತು ಹತ್ತು ಕುಣಿಕೆ ಹೆಣೆದು ಎದ್ದು ಹೋಗುತ್ತಾರೆ. ಸಂಜೆಗೆ ನಾಲ್ಕು ಬೆರಳಗಲದ ಒಂದು ದೊಡ್ಡ ಬಳೆಯಾಗುತ್ತದೆ. ಅದನ್ನು ಚೌಕದಲ್ಲಿರುವ ಕಲ್ಲುಕಂಬಕ್ಕೆ ತೊಡಿಸುತ್ತೇವೆ. ಚಳಿಗಾಲ ಮುಗಿಯುವವರೆಗೆ ಅದು ಕಂಬದ ಮೈಮೇಲಿರುತ್ತದೆ.

ಕುರ್ಚಿಯವರು ಇಡೀ ದಿನ ಅಲ್ಲಿಂದ ಏಳುವುದಿಲ್ಲ. ಬಾರದವರ ಕೈ ಹಿಡಿದು ಹೇಳಿಕೊಡಬೇಕು, ಜಾರಿಹೋದ ಕುಣಿಕೆ ಎತ್ತಿಕೊಡಬೇಕು. ಡಾಕ್ಟರು, ಬೇಕರಿಯವರು, ಶಾಲೆಯ ಟೀಚರುಗಳು, ಎಲ್ಲರೂ ಎದುರು ಕೂತು ಮೊಣಕಾಲಿಗೆ ಮೊಣಕಾಲು ತಾಗಿಸಿ “ಹೀಗಾ? ಹೀಗಾ?” ಎಂದು ಕೇಳುತ್ತಾರೆ. ವರ್ಷದ ಉಳಿದ ದಿನ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಒಂಬತ್ತು ವರ್ಷ ಆ ಕುರ್ಚಿ ನನ್ನದಾಗಿತ್ತು.

ಹೋದ ತಿಂಗಳು ಹಬ್ಬದ ಸಮಿತಿಯ ಪೋಸ್ಟ್‌ಮಾಸ್ಟರ್ (ನಿವೃತ್ತರಾಗಿ ಆರು ವರ್ಷವಾದರೂ ಊರಿಗೆ ಅವರು ಪೋಸ್ಟ್‌ಮಾಸ್ಟರೇ) ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದರು. ಕಣ್ಣು ಪರೀಕ್ಷೆಯ ಎತ್ತರದ ಕುರ್ಚಿಯಲ್ಲಿ ಕೂತರು. ನಾನು ಅವರ ಕನ್ನಡಕ ತೆಗೆದು ಲೆನ್ಸಿನ ಚೌಕಟ್ಟನ್ನು ಮೂಗಿನ ಮೇಲೆ ಇಡುವವರೆಗೆ ಸುಮ್ಮನಿದ್ದು, ನನ್ನ ಮುಖ ಕಾಣಿಸದಂತಾದ ಮೇಲೆ ಬಾಯಿ ಬಿಟ್ಟರು.

“ಈ ಸಲ ಚೂಟಿ ಕೂತ್ಕೊಳ್ಳಲಿ ಅಂತ ಎಲ್ಲರೂ ಅಂದ್ರು, ತಾಯಿ. ಹೊಸಬರಿಗೂ ಒಂದು ಅವಕಾಶ ಆಗ್ಬೇಕಲ್ಲ.”

“ಎಲ್ಲರೂ ಅಂದ್ರೆ ಯಾರು?”

“ಎಲ್ಲರೂ ಅಂದ್ರೆ… ಎಲ್ಲರೂ.”

“ಮೇಲಿನ ಸಾಲು ಓದಿ.”

“ಏನೂ ಕಾಣ್ತಿಲ್ಲ.”

ಕಾಣುವುದು ಹೇಗೆ? ಚೌಕಟ್ಟಿಗೆ ನಾನಿನ್ನೂ ಲೆನ್ಸ್ ಹಾಕಿರಲಿಲ್ಲ. ಹಾಕುವ ಮನಸ್ಸೂ ಇರಲಿಲ್ಲ.

“ನೀವಂತೂ ಇದ್ದೇ ಇರ್ತೀರಿ,” ಎಂದರು. “ನಿಮಗೆ ಸಲಹೆಗಾರರು ಅಂತ ಬ್ಯಾಡ್ಜ್ ಮಾಡಿಸ್ತೀವಿ.”

ಆ ಬ್ಯಾಡ್ಜ್ ಈಗ ನನ್ನ ಎದೆಯ ಮೇಲಿತ್ತು. ಸಲಹೆಗಾರರಿಗೆ ಕುರ್ಚಿ ಇರಲಿಲ್ಲ.

ಚೂಟಿ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮನೆ ಒಂದೇ, ನಾವು ಕೆಳಗೆ, ಅವರು ಮೇಲೆ. ಅತ್ತೆಗೆ ಮೆಟ್ಟಿಲು ಹತ್ತಲಾಗುವುದಿಲ್ಲವೆಂದು ನಮ್ಮ ಜೊತೆ ಇದ್ದಾರೆ, ಕಿವಿ ಮಾತ್ರ ಮೇಲಿನ ಹೆಜ್ಜೆ ಸಪ್ಪಳದ ಮೇಲೆ. ಆರು ವರ್ಷದ ಹಿಂದೆ ಅವಳು ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಅವಳನ್ನು ಚೂಟಿ ಎಂದು ಕರೆಯತೊಡಗಿದರು. ಊರೂ ಹಾಗೇ ಕರೆಯಿತು. ನಾನು ಬಂದು ಹದಿನಾರು ವರ್ಷ. ನನ್ನನ್ನು ದೊಡ್ಡೋಳು ಎನ್ನುತ್ತಾರೆ. ಅದು ಹೆಸರಲ್ಲ, ಅಳತೆ.

ಅವಳಿಗೆ ಕಡ್ಡಿ ಹಿಡಿಯಲು ಕಲಿಸಿದ್ದು ನಾನೇ. ಅವಳ ಮೊದಲ ಚಳಿಗಾಲ ಅಡುಗೆಮನೆಯ ಕಿಟಕಿಯ ಬಳಿ ಇಬ್ಬರೂ ಕೂರುತ್ತಿದ್ದೆವು. ತೊಳೆದು ಒಣಗಿಸಿದ ಉಣ್ಣೆಗೆ ಒಂದು ವಾಸನೆ ಇರುತ್ತದೆ, ಬಿಸಿಲಿಗೆ ಬಂದು ಮಲಗಿದ ಪ್ರಾಣಿಯ ವಾಸನೆ. ಅದು ಮಡಿಲಲ್ಲಿ ಬೆಳೆಯುತ್ತ ಹೋದ ಹಾಗೆ ತೊಡೆ ಬೆಚ್ಚಗಾಗುತ್ತದೆ. ಕಡ್ಡಿಗೆ ಕಡ್ಡಿ ತಾಗುವ ಟಿಕ್ ಟಿಕ್ ಸದ್ದು ನಡುವೆ ಎಲ್ಲೋ ಕೇಳಿಸುವುದು ನಿಂತುಹೋಗುತ್ತದೆ, ಆಗ ತಲೆಯೊಳಗೆ ಜಾಗ ಖಾಲಿಯಾಗುತ್ತದೆ. ಸಾಲು ಮುಗಿದು ತಿರುಗಿಸುವಾಗ ಇನ್ನೊಂದೇ ಸಾಲು ಎನಿಸುತ್ತದೆ. ಇದೆಲ್ಲ ನನ್ನೊಬ್ಬಳಿಗೇ ಗೊತ್ತಿರುವ ಸುಖ ಎಂದುಕೊಂಡಿದ್ದೆ. ಒಂದು ದಿನ ಅವಳು ತಲೆ ಎತ್ತದೆ “ಅಕ್ಕಾ, ಇನ್ನೊಂದೇ ಸಾಲು” ಎಂದಾಗ ನನಗೆ ಖುಷಿಯಾಯಿತು. ಅದೇ ಗಳಿಗೆಯಲ್ಲಿ, ನನ್ನ ಬೀರುವಿನ ಬಾಗಿಲು ತೆರೆದು ಯಾರೋ ನಿಂತ ಹಾಗೂ ಆಯಿತು.

ಸೀದಾ ಸಾಲು, ಉಲ್ಟಾ ಸಾಲು, ಕುಣಿಕೆ ಹೆಚ್ಚಿಸುವುದು, ಇಳಿಸುವುದು, ಸ್ವೆಟರಿನ ಕುತ್ತಿಗೆ ತಿರುಗಿಸುವುದು ಎಲ್ಲ ಕಲಿಸಿದೆ. ಒಂದನ್ನು ಬಿಟ್ಟು. ದುಂಡಗೆ ಹೆಣೆಯುವುದನ್ನು ಮಾತ್ರ ಇವತ್ತು ನಾಳೆ ಎನ್ನುತ್ತ ಮುಂದೂಡಿದೆ. ಅವಳು ಫೋನಿನಲ್ಲಿ ನೋಡಿ ಕಲಿತಳು.

ನನ್ನ ಕೈ ಬಿಗಿ. ನನ್ನ ಹೆಣಿಗೆಯಲ್ಲಿ ತಪ್ಪು ಹುಡುಕಲು ಆಗುವುದಿಲ್ಲ, ಬೆರಳು ತೂರಿಸಲೂ ಆಗುವುದಿಲ್ಲ. “ನಿನ್ನ ಸ್ವೆಟರ್ ಹಾಕ್ಕೊಂಡ್ರೆ ಪೊಲೀಸಿನವರು ಹಿಡ್ಕೊಂಡಂಗೆ ಆಗುತ್ತೆ” ಎಂದು ನನ್ನ ಗಂಡ ನೆಂಟರ ಮುಂದೆ ಹೇಳುತ್ತಾರೆ, ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಚೂಟಿಯದು ಸಡಿಲ ಕೈ. ಸಡಿಲವಾದರೂ ಒಂದೇ ಸಮ. ಅವಳು ಹೆಣೆದದ್ದನ್ನು ಮುಟ್ಟಿದರೆ ಅದು ಮೈಗೆ ಮೊದಲೇ ಪರಿಚಯವಿದ್ದ ಹಾಗಿರುತ್ತದೆ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅವಳ ಶಾಲನ್ನು ಬೆಳಕಿಗೆ ಹಿಡಿದು ಒಂದೊಂದೇ ಸಾಲು ನೋಡಿದ್ದೇನೆ. ಒಂದಾದರೂ ತಪ್ಪು ಸಿಗಲಿ ಎಂದು. ಒಂದು ಸಿಕ್ಕಿತು. ಆ ರಾತ್ರಿ ಚೆನ್ನಾಗಿ ಊಟ ಮಾಡಿದೆ.

“ಇನ್ನೂರ ನಲವತ್ತು!” ಎಂದಳು ಚೂಟಿ. ಸುತ್ತ ನಿಂತಿದ್ದವರು ಚಪ್ಪಾಳೆ ತಟ್ಟಿದರು. ನನ್ನ ಒಂಬತ್ತು ವರ್ಷದಲ್ಲಿ ಬರೀ ಎಣಿಸಿದ್ದಕ್ಕೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಈಗ ಸೇರಿಸಬೇಕು. ಕಡ್ಡಿಯ ಎರಡು ಮೊನೆಗಳ ನಡುವೆ ಉದ್ದದ ಪ್ಲಾಸ್ಟಿಕ್ ತಂತಿ, ಅದರ ತುಂಬ ಕುಣಿಕೆಗಳು. ಸೇರಿಸುವ ಮೊದಲು ಇಡೀ ಸಾಲನ್ನು ಮೇಜಿನ ಮೇಲೆ ಹರಡಿ, ಕುಣಿಕೆಗಳ ಬುಡವೆಲ್ಲ ಒಂದೇ ಕಡೆಗಿದೆಯೇ ಎಂದು ಮೊದಲಿನಿಂದ ಕೊನೆಯವರೆಗೆ ಬೆರಳಾಡಿಸಿ ನೋಡಬೇಕು. ಎಲ್ಲೋ ಒಂದು ಕಡೆ ಸಾಲು ತಂತಿಯನ್ನು ಸುತ್ತಿ ಮಗುಚಿಕೊಂಡಿದ್ದರೆ, ಅವಸರದಲ್ಲಿ ಕಟ್ಟಿದ ಬೆಲ್ಟಿನ ಹಾಗೆ ಇಡೀ ಬಳೆ ತಿರುಚಿಕೊಳ್ಳುತ್ತದೆ. ಆಮೇಲೆ ಎಷ್ಟು ಹೆಣೆದರೂ ಅದು ಸರಿಯಾಗುವುದಿಲ್ಲ. ತಿರುಚನ್ನು ಇಲ್ಲಿ ಬಿಡಿಸಿದರೆ ಅಲ್ಲಿ ಹೋಗಿ ಕೂರುತ್ತದೆ.

ಚೂಟಿ ಹರಡಿದಳು, ಬೆರಳಾಡಿಸಿದಳು. ಅರ್ಧಕ್ಕೆ ಬರುವ ಮೊದಲೇ ಡಾಕ್ಟರು ಅವಳ ಭುಜ ತಟ್ಟಿ ಏನೋ ಅಂದರು, ಅವಳು ತಲೆ ಎತ್ತಿ ನಕ್ಕಳು, ಮತ್ತೆ ಬೆರಳು ಇಟ್ಟಾಗ ಜಾಗ ತಪ್ಪಿತು. ತೊಂಬತ್ತನೆಯ ಕುಣಿಕೆಯ ಆಸುಪಾಸಿನಲ್ಲಿ ಸಾಲು ಮಗುಚಿಕೊಂಡಿತ್ತು. ನನಗೆ ನಿಂತಲ್ಲಿಂದಲೇ ಕಂಡಿತು. ನನ್ನ ಕೆಲಸವೇ ಕಣ್ಣಿನದು.

“ಅಕ್ಕಾ, ಎಲ್ಲಾ ಸರಿ ಇದ್ಯಾ? ಸೇರಿಸ್ಲಾ?”

“ಎಣಿಕೆ ಸರಿ ಇದೆ,” ಎಂದೆ.

ಅದು ಸುಳ್ಳಲ್ಲ.

ಅವಳು ಸೇರಿಸಿದಳು. ಮೊದಲ ಸುತ್ತು ಮುಗಿಯುವವರೆಗೆ ಒಂದು ಉಪಾಯವಿತ್ತು. ತಿರುಚನ್ನು ಸೇರಿಸಿದ ಜಾಗಕ್ಕೆ ತಳ್ಳಿ, ಅಲ್ಲಿರುವ ಒಂದೇ ಎಳೆಯ ಮೇಲೆ ಬಿಡಿಸಿಬಿಡಬಹುದಿತ್ತು. ಎರಡು ನಿಮಿಷದ ಕೆಲಸ. ಇಪ್ಪತ್ತನಾಲ್ಕು ಜನ ಬಂದು ಕೂತು ಹೋದರು, ಮೊದಲ ಸುತ್ತು ಮುಗಿಯಿತು. ನಾನು ರಾಟೆಯ ಬಳಿ ನಿಂತು, ನೂಲು ಎಷ್ಟು ಸಣ್ಣಗೆ ಬರುತ್ತಿದೆ ಎಂದು ಯಾರಿಗೋ ಹೇಳುತ್ತಿದ್ದೆ. ಎರಡನೆಯ ಸುತ್ತು ಮುಗಿಯಿತು. ಇನ್ನು ಬಿಚ್ಚುವುದೊಂದೇ ದಾರಿ. ಬಿಚ್ಚಿದರೂ ಎರಡು ಸುತ್ತು ತಾನೆ, ಹೇಳಿಬಿಡೋಣ ಎಂದುಕೊಂಡೆ. ಮೂರಾಯಿತು. ಐದಾಯಿತು. ಬಂದವರು ತಮ್ಮ ಹತ್ತು ಕುಣಿಕೆಗಳನ್ನಷ್ಟೇ ನೋಡುತ್ತಿದ್ದರು. ಉಳಿದದ್ದು ತಂತಿಯ ಮೇಲೆ ಮುದುಡಿಕೊಂಡು, ಮೇಜಿನ ಮೇಲೆ ಮಲಗಿದ ಬೆಕ್ಕಿನ ಹಾಗೆ ಬಿದ್ದಿತ್ತು.

ಮಧ್ಯಾಹ್ನದ ಹೊತ್ತಿಗೆ ನಿಜವಾಗಿಯೂ ಹೇಳಲು ಹೋದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು, ಕಾಲೂ ನೋಯುತ್ತಿತ್ತು. ಸ್ಟೂಲಿನ ಮೇಲೆ ಬೇಕರಿಯವರು ತಮ್ಮ ದಪ್ಪ ಬೆರಳುಗಳಲ್ಲಿ ಕಡ್ಡಿಯನ್ನು ಲಟ್ಟಣಿಗೆಯ ಹಾಗೆ ಹಿಡಿದುಕೊಂಡಿದ್ದರು. ಚೂಟಿ ನಗುತ್ತ ಅವರ ಕೈ ತಿದ್ದುತ್ತಿದ್ದಳು.

“ಹಿಟ್ಟಲ್ಲ ಸರ್ ಇದು, ನಾದಬೇಡಿ. ಹಗುರಕ್ಕೆ.”

“ಅಬ್ಬಾ, ನೀನು ಹೇಳಿಕೊಟ್ರೆ ಎಷ್ಟು ಸುಲಭಮ್ಮ,” ಎಂದರು ಬೇಕರಿಯವರು. “ಹೋದ ವರ್ಷ ಹತ್ತು ಕುಣಿಕೆ ಮುಗಿಸೋಷ್ಟರಲ್ಲಿ ಬೆವರು ಕಿತ್ಕೊಂಡು ಬಂದಿತ್ತು. ಪರೀಕ್ಷೆಗೆ ಕೂತಂಗಿತ್ತು.”

“ಶ್! ಎಲ್ಲಾ ನಮ್ಮಕ್ಕ ಕಲಿಸಿದ್ದು ನಂಗೆ.”

“ಕಲಿಸಿದ್ದು ಅವರೇ ಇರ್ಬಹುದು. ಕೈ ನಿಂದು.”

ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಚೂಟಿ ನನ್ನನ್ನು ನೋಡಿ ಕೆಂಪಾದಳು. ಬೇಕರಿಯವರು ನೋಡಲಿಲ್ಲ, ಎಂಟನೆಯ ಕುಣಿಕೆಯನ್ನು ನಾಲಿಗೆ ಕಚ್ಚಿಕೊಂಡು ಎಳೆಯುತ್ತಿದ್ದರು. ನಾನು ಹೇಳಬೇಕೆಂದು ತಂದ ಮಾತನ್ನು ವಾಪಸ್ ತೆಗೆದುಕೊಂಡು ಹೊರಗೆ ಕುರಿಗಳ ಹತ್ತಿರ ಹೋದೆ.

ಅಲ್ಲಿ ನನ್ನ ಗಂಡ ನಿಂತಿದ್ದರು. ಮೈಮೇಲೆ ಕಂದು ಬಣ್ಣದ ಸ್ವೆಟರ್. ಚೂಟಿ ನನ್ನ ಮೈದುನನಿಗೆ ಹೆಣೆದುಕೊಟ್ಟದ್ದು.

“ಇದೇನು?”

“ತಮ್ಮಂದು. ಚಳಿ ಅಂದೆ, ಬಿಚ್ಚಿಕೊಟ್ಟ.”

“ನಾನು ಹೆಣೆದದ್ದು ಏನಾಯ್ತು?”

“ಇದೆ ಕಣೇ, ಎಲ್ಲಿ ಹೋಗುತ್ತೆ? ಸಂಜೆ ಹಾಕ್ಕೋತೀನಿ,” ಎಂದರು. ಆಮೇಲೆ ತಮಗೇ ಆಶ್ಚರ್ಯವಾದವರ ಹಾಗೆ ಎರಡೂ ತೋಳು ಆಕಾಶಕ್ಕೆ ಎತ್ತಿದರು. “ನೋಡಿಲ್ಲಿ, ಇದ್ರಲ್ಲಿ ಕೈ ಮೇಲಕ್ಕೂ ಹೋಗುತ್ತೆ!”

ಆ ಕ್ಷಣದಿಂದ ನಾನು ಸಂಜೆಗಾಗಿ ಕಾದೆ. ಮುಚ್ಚಿಟ್ಟುಕೊಂಡು ಏನು ಪ್ರಯೋಜನ, ಕಾದೆ. ಬಳೆ ಕಡ್ಡಿಯಿಂದ ಹೊರಬಂದಾಗ ಆಗುವ ಆ ಮೌನವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಕೇಳಿಸಿಕೊಂಡೆ. ಯಾರು ಮೊದಲು ನೋಡುತ್ತಾರೆ, ಪೋಸ್ಟ್‌ಮಾಸ್ಟರ್ ಏನನ್ನುತ್ತಾರೆ, ಯಾರು ತಿರುಗಿ ನನ್ನ ಕಡೆ ನೋಡುತ್ತಾರೆ. ಎಲ್ಲರೂ ನನ್ನ ಕಡೆ ನೋಡುತ್ತಾರೆ ಎಂದುಕೊಂಡೆ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲವಲ್ಲ ಎನ್ನುತ್ತಾರೆ.

ಮೌನವೇನೋ ಆಯಿತು. ಐದು ಗಂಟೆಗೆ ಚೂಟಿ ಕೊನೆಯ ಸಾಲು ಮುಗಿಸಿ, ನೂಲು ಕತ್ತರಿಸಿ, ಬಳೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊಡವಿದಳು. ನೆಟ್ಟಗಾಗಲಿಲ್ಲ. ಒಂದು ಕಡೆ ಬಿಡಿಸಿದಳು, ತಿರುಚು ಜಾರಿ ಇನ್ನೊಂದು ಕಡೆ ಹೋಯಿತು. ಅಲ್ಲಿ ಬಿಡಿಸಿದಳು, ಅತ್ತೆಯ ಮಡಿಲಿನ ಕಡೆಗೆ ಬಂತು. ಪಕ್ಕದಲ್ಲಿ ಕೂತಿದ್ದ ಅತ್ತೆ ಮುಟ್ಟಿ ನೋಡಿದರು.

“ಇಲ್ಲಿ ಮಡಚ್ಕೊಂಡಿದೆಯಲ್ಲೇ.”

“ಮಡಚ್ಕೊಂಡಿಲ್ಲ ಅತ್ತೆ,” ಎಂದಳು ಚೂಟಿ. ಮುಖ ಬಿಳಿಚಿತ್ತು. “ತಿರುಚಿಬಿಟ್ಟಿದೀನಿ. ಬೆಳಿಗ್ಗೆ ಸೇರಿಸೋವಾಗ್ಲೇ. ನಂದೇ ತಪ್ಪು.”

ಪೋಸ್ಟ್‌ಮಾಸ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಹಾಗಾದ್ರೆ ಬಿಚ್ಚಬೇಕಾ?”

“ಯಾಕ್ರೀ ಬಿಚ್ಚೋದು?” ಎಂದರು ಅತ್ತೆ. “ಬೆಳಿಗ್ಗಿಂದ ಊರೆಲ್ಲ ಕೂತು ಹೆಣೆದಿದೆ. ತಿರುಚಿದ್ದು ಬೇಡ ಅಂತ ಕಂಬ ಏನಾದ್ರೂ ಅನ್ನುತ್ತಾ?”

ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಚೌಕದ ಕಡೆ ಹೊರಟರು.

ಲೈನ್‌ಮನ್ ಏಣಿ ಹತ್ತಿ ಬಳೆಯನ್ನು ಕಂಬದ ತಲೆಯಿಂದ ಇಳಿಸಿದ. ತಿರುಚನ್ನು ಹಿಂದಕ್ಕೆ ತಳ್ಳಲು ನೋಡಿದ, ಆಗಲಿಲ್ಲ, ಅದು ಮುಂದೆಯೇ ಬಂದು ನಿಂತಿತು. ಕೆಳಗಿಳಿದು ನಾಲ್ಕು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟು ನೋಡಿದ.

“ಅರೆ! ಕಂಬ ಕೈಕಟ್ಕೊಂಡು ನಿಂತಂಗಿದೆ!”

ನಿಜಕ್ಕೂ ಹಾಗೆಯೇ ಇತ್ತು. ಇಷ್ಟು ವರ್ಷ ಗಾಯಕ್ಕೆ ಪಟ್ಟಿ ಸುತ್ತಿದ ಹಾಗಿರುತ್ತಿದ್ದ ಕಂಬ, ಈಗ ಚಳಿಗೆ ತೋಳು ಮಡಚಿಕೊಂಡು, ಬಸ್ಸಿಗೆ ಕಾಯುವವನ ಹಾಗೆ ಕಾಣುತ್ತಿತ್ತು. ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಫೋನುಗಳು ಹೊರಬಂದವು. ಜನ ಕಂಬದ ಪಕ್ಕದಲ್ಲಿ ತಾವೂ ಕೈಕಟ್ಟಿ ನಿಂತು ಫೋಟೋ ತೆಗೆಸಿಕೊಂಡರು. ನನ್ನ ಗಂಡ ಕಂದು ಸ್ವೆಟರಿನಲ್ಲಿ ಎರಡು ಸಲ ತೆಗೆಸಿಕೊಂಡರು. ಸಂಜೆಯಾಗಿತ್ತು, ಸ್ವೆಟರ್ ಬದಲಾಗಿರಲಿಲ್ಲ.

“ಹೊಸ ವಿನ್ಯಾಸ!” ಎಂದು ಪೋಸ್ಟ್‌ಮಾಸ್ಟರ್ ಘೋಷಿಸಿದರು.

“ವಿನ್ಯಾಸ ಅಲ್ಲ ಸರ್, ತಪ್ಪು,” ಎಂದಳು ಚೂಟಿ.

ಅದಕ್ಕೂ ಚಪ್ಪಾಳೆ. ನಾನು ಹಾಗೆ ಒಪ್ಪಿಕೊಂಡಿದ್ದರೆ ಒಂದು ವರ್ಷ ಆಡಿಕೊಳ್ಳುತ್ತಿದ್ದರು. ಅವಳು ಒಪ್ಪಿಕೊಂಡರೆ ಅದು ದೊಡ್ಡ ಗುಣವಾಗುತ್ತದೆ. ಬೆಳಿಗ್ಗೆಯಿಂದ ನಾನು ಬಾಯಿ ಕಟ್ಟಿಕೊಂಡು ನಿಂತು ಅವಳಿಗೆ ಇನ್ನೊಂದು ಒಡವೆ ಮಾಡಿಸಿಕೊಟ್ಟಂತಾಗಿತ್ತು.

ಜನ ಚೌಕದಲ್ಲೇ ಉಳಿದರು. ನಾನು ಗೋದಾಮಿಗೆ ವಾಪಸ್ ಬಂದು ಬೆಂಚುಗಳನ್ನು ಗೋಡೆಗೆ ಸೇರಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಚೂಟಿ ಬಂದಳು. ಮೇಜಿನ ಮೇಲೆ ಉಳಿದಿದ್ದ ನೂಲನ್ನು ಉಂಡೆ ಸುತ್ತುತ್ತ ನಿಂತಳು.

“ಅಕ್ಕಾ, ಬೇಜಾರು ಮಾಡ್ಕೋಬೇಡಿ.”

“ನನಗ್ಯಾಕೆ ಬೇಜಾರು?”

“ಅಲ್ಲ, ಬೇಕರಿಯವರು ಏನೋ ಅಂದ್ರು. ಸಲಹೆಗಾರರು ಪಕ್ಕದಲ್ಲೇ ಇದ್ರಲ್ಲ, ಅವರಿಗೂ ಕಾಣ್ಲಿಲ್ವಾ ಅಂತ. ನಾನು ಬಿಡಲಿಲ್ಲ. ಅಷ್ಟು ಗದ್ದಲದಲ್ಲಿ ಯಾರಿಗೆ ಕಾಣ್ಸುತ್ತೆ ಹೇಳಿ, ಅವರ ಕಣ್ಣಿಗೂ ದಿನವಿಡೀ ದುಡಿದು ಸುಸ್ತಾಗಿರುತ್ತೆ ಅಂದೆ.”

ಅವಳು ನನ್ನ ಪರ ಮಾತಾಡಿ ಬಂದಿದ್ದಳು. ಊರ ಮುಂದೆ ನನ್ನ ಕಣ್ಣಿಗೆ ಕ್ಷಮೆ ಕೊಡಿಸಿ ಬಂದಿದ್ದಳು. ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೆಟ್ಟವಳು ಎನಿಸಿಕೊಂಡು ಬದುಕಬಲ್ಲೆ, ಕಣ್ಣು ಮಂಜಾದವಳು ಎನಿಸಿಕೊಂಡು ಆಗುವುದಿಲ್ಲ.

“ಕಂಡಿತ್ತು,” ಎಂದೆ.

“ಏನು?”

“ತಿರುಚು. ನೀನು ಸೇರಿಸೋ ಮೊದಲೇ ಕಂಡಿತ್ತು. ತೊಂಬತ್ತನೇ ಕುಣಿಕೆ ಹತ್ರ.”

ಉಂಡೆ ಸುತ್ತುತ್ತಿದ್ದ ಕೈ ನಿಂತಿತು. ಅವಳ ಕೈ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನಾನು ಕೇಳಿದ್ನಲ್ಲ ಅಕ್ಕ,” ಎಂದಳು.

“ಕೇಳ್ದೆ.”

“ಎಣಿಕೆ ಸರಿ ಇದೆ ಅಂದ್ರಿ.”

“ಸರಿ ಇತ್ತು.”

ಬೈಯಲಿ ಎಂದು ಕಾದೆ. ಕೂಗಾಡಲಿ, ಉಂಡೆಯನ್ನು ನನ್ನ ಮುಖಕ್ಕೆ ಎಸೆಯಲಿ, ಹೊರಗೆ ಹೋಗಿ ಎಲ್ಲರಿಗೂ ಹೇಳಲಿ. ಹಾಗೆ ಮಾಡಿದ್ದರೆ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದೆವು. ಅವಳ ಕಣ್ಣು ತುಂಬಿತು. ತೋಳಿನಿಂದ ಒರೆಸಿಕೊಂಡಳು.

“ಆ ಕುರ್ಚಿ ಮೇಲೆ ನಿಮಗೆ ಅಷ್ಟು ಆಸೆ ಇತ್ತಾ?” ಎಂದಳು. “ನನಗೆ ಗೊತ್ತಿರ್ಲಿಲ್ಲ ಅಕ್ಕ, ದೇವರಾಣೆ. ನಿಮಗೆ ಸಾಕಾಗಿದೆ, ನೀವೇ ನನ್ನ ಹೆಸರು ಹೇಳಿದ್ರಿ ಅಂತ ಪೋಸ್ಟ್‌ಮಾಸ್ಟರ್ ಅಂದಿದ್ರು.”

ನಾನು ಇನ್ನೊಂದು ಬೆಂಚನ್ನು ಗೋಡೆಗೆ ತಳ್ಳಿದೆ. ಅವಳು ಉಂಡೆಯನ್ನು ಮೇಜಿನ ಮೇಲಿಟ್ಟು, ಬೆತ್ತದ ಕುರ್ಚಿಯನ್ನು ಸಡಿಲ ಕೈ ಹಿಡಿಯದೆ ಬೆನ್ನು ಹಿಡಿದು ಎಳೆದುಕೊಂಡು ಬಂದು ನನ್ನ ಮುಂದೆ ಇಟ್ಟಳು.

“ಮುಂದಿನ ವರ್ಷ ನೀವೇ ಕೂತ್ಕೊಳ್ಳಿ. ಪೋಸ್ಟ್‌ಮಾಸ್ಟರ್ ಹತ್ರ ನಾನೇ ಮಾತಾಡ್ತೀನಿ. ಇದನ್ನ ಮಾತ್ರ ಯಾರಿಗೂ ಹೇಳಲ್ಲ. ಆಯ್ತಾ?”

ಬೆಳಿಗ್ಗೆಯಿಂದ ನಿಂತು ನನ್ನ ಕಾಲು ಸೇದುತ್ತಿತ್ತು.

“ಬೇಡ,” ಎಂದೆ.

“ಕೂತ್ಕೊಳ್ಳಿ ಅಕ್ಕ. ನಿಮ್ಮದೇ ಅಲ್ವಾ ಅದು?”

“ನೀನು ಕೊಡೋದಾದ್ರೆ ನನಗೆ ಬೇಡ.”